ಗಣಕಯಂತ್ರದ ಬೆನ್ನ ಹಿಂದಿನ ತಂತಿಗಳು

ನಮ್ಮ ಸಂಘದ ಪತ್ರಿಕೆಯಲ್ಲಿ ಕವಿತೆ ಇರುತ್ತದೆ, ಕಥೆ ಇರುತ್ತದೆ, ಒಂದೆರಡು ನಗೆಬರಹಗಳೂ ಇರುತ್ತವೆ. ಅವುಗಳ ನಡುವೆ ವಾಣಿಜ್ಯಶಾಸ್ತ್ರ ಓದುವ ಹುಡುಗನೊಬ್ಬ ಗಣಕಯಂತ್ರದ ತಂತಿಗಳ ವಿಷಯ ಎತ್ತಿಕೊಂಡು ಬಂದದ್ದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಇದು ಇಂಜಿನಿಯರಿಂಗ್ ಓದುವವರ ಕೆಲಸವಲ್ಲವೆ ಎಂದು ಕೇಳಬಹುದು. ನನ್ನ ಉತ್ತರ ಇಷ್ಟೆ. ತಂತಿ ತಯಾರಿಸುವವರು ಇಂಜಿನಿಯರುಗಳು, ನಿಜ. ಆದರೆ ಅಂಗಡಿಗೆ ಹೋಗಿ ಜೇಬಿನಿಂದ ದುಡ್ಡು ತೆಗೆದು ಕೊಡುವವರು ನಾವು ನೀವು. ದುಡ್ಡು ಹೋಗುವ ಜಾಗದಲ್ಲಿ ವಾಣಿಜ್ಯದ ವಿದ್ಯಾರ್ಥಿ ಇಣುಕಿ ನೋಡಿದರೆ ತಪ್ಪೇನು?

ಇನ್ನೊಂದು ಕಾರಣವೂ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ವಾಹಕ, ಅವಾಹಕ, ವಿದ್ಯುತ್ ಪ್ರವಾಹ, ವಿಭವಾಂತರ ಎಲ್ಲವೂ ಗೊತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇವೆ. ಆದರೆ ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚಿನಾಯ್ ಟ್ರೇಡ್ ಸೆಂಟರಿನ ಒಳಗೆ ಕಾಲಿಟ್ಟು, ಅಂಗಡಿಯವ "ಕೌನ್ಸಾ ಕೇಬಲ್ ಹೋನಾ ಭಾಯ್?" ಎಂದು ಕೇಳಿದ ಕೂಡಲೆ ನಾಲಗೆ ಒಣಗುತ್ತದೆ. ಎಚ್.ಡಿ.ಎಂ.ಐ. ಅನ್ನಬೇಕೋ, ವಿ.ಜಿ.ಎ. ಅನ್ನಬೇಕೋ, ಟೈಪ್-ಸಿ ಅನ್ನಬೇಕೋ? ತತ್ವ ಗೊತ್ತು, ಹೆಸರು ಗೊತ್ತಿಲ್ಲ. ಹೆಸರು ಗೊತ್ತಿಲ್ಲದವನಿಗೆ ಅಂಗಡಿಯವ ತನ್ನ ಬಳಿ ಯಾವುದು ಉಳಿದಿದೆಯೋ ಅದನ್ನೇ ದಾಟಿಸುತ್ತಾನೆ. ಆ ಹೆಸರುಗಳ ಹೆದರಿಕೆ ಸ್ವಲ್ಪ ಕಡಿಮೆಯಾಗಲಿ ಎಂಬುದೇ ಈ ಲೇಖನದ ಉದ್ದೇಶ.

ಹೈದರಾಬಾದಿಗೂ ಗಣಕಯಂತ್ರಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಕಟ್ಟಡ ೧೯೯೮ರಲ್ಲಿ ಉದ್ಘಾಟನೆಯಾಯಿತು, ಅಲ್ಲಿಂದಲೇ ಎಲ್ಲ ಶುರು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಅದಕ್ಕೂ ಮೂರು ದಶಕ ಮೊದಲೇ, ೧೯೬೭ರಲ್ಲಿ, ಕೇಂದ್ರ ಸರ್ಕಾರದ ಇ.ಸಿ.ಐ.ಎಲ್. ಸಂಸ್ಥೆ ಇಲ್ಲಿ ಹುಟ್ಟಿತು. ೧೯೬೯ರಲ್ಲಿ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ರೂಪುಗೊಂಡ ಟಿ.ಡಿ.ಸಿ.-೧೨ ಎಂಬ ಸ್ವದೇಶಿ ಗಣಕಯಂತ್ರವನ್ನೂ ಅದರ ನಂತರದ ಮಾದರಿಗಳನ್ನೂ ತಯಾರಿಸಿದ್ದು ಇದೇ ಸಂಸ್ಥೆ. ಗುಲ್ಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ೧೯೫೬ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆ ನಂಟಿನಿಂದ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರ ಮಕ್ಕಳು ಈಗ ಅಮೀರ್‌ಪೇಟೆಯ ತರಬೇತಿ ಕೇಂದ್ರಗಳಲ್ಲಿ ಗಣಕಯಂತ್ರದ ಪಾಠ ಕಲಿಯುತ್ತಿದ್ದಾರೆ. ಆದರೂ ಯಂತ್ರದ ಮುಖವನ್ನು ನೋಡಿದಷ್ಟು ಅದರ ಬೆನ್ನನ್ನು ಯಾರೂ ನೋಡುವುದಿಲ್ಲ. ಬನ್ನಿ, ಒಮ್ಮೆ ಹಿಂದೆ ಹೋಗಿ ನೋಡೋಣ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ತಂತಿಯ ತುದಿಯ ಆಕಾರ ಬೇರೆ, ಅದರೊಳಗೆ ಹರಿಯುವ ಸರಕು ಬೇರೆ. ಬೇಗಂ ಬಜಾರಿನಲ್ಲಿ ಒಂದೇ ಬಗೆಯ ಗೋಣಿಚೀಲದಲ್ಲಿ ಜೋಳವೂ ಇರುತ್ತದೆ, ತೊಗರಿಯೂ ಇರುತ್ತದೆ. ಚೀಲ ನೋಡಿ ದರ ಕಟ್ಟುವ ವ್ಯಾಪಾರಿ ಉಂಟೆ? ತಂತಿಯದೂ ಹಾಗೆಯೇ. ತುದಿ ರಂಧ್ರದಲ್ಲಿ ಕೂತಿತು ಅಂದ ಮಾತ್ರಕ್ಕೆ ಕೆಲಸ ಆಯಿತು ಎಂದಲ್ಲ. ಆದ್ದರಿಂದ ಯಾವ ತಂತಿ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಬೇಕು. ಇದರ ತುದಿ ಎಂಥದು? ಒಳಗೆ ಹರಿಯುವುದು ಏನು: ವಿದ್ಯುತ್ತೋ, ಚಿತ್ರವೋ, ಮಾಹಿತಿಯೋ? ಎಷ್ಟು ವೇಗವಾಗಿ, ಎಷ್ಟು ದೂರ ಹರಿದೀತು?

ಮೊದಲು ವಿದ್ಯುತ್ತಿನ ತಂತಿ. ಗೋಡೆಯ ಸಾಕೆಟ್ಟಿನಿಂದ ಗಣಕಯಂತ್ರದ ಡಬ್ಬಿಗೆ ಹೋಗುವ ಕಪ್ಪು ದಪ್ಪ ತಂತಿ. ಗೋಡೆಯ ಕಡೆ ಮೂರು ಪಿನ್ನು, ಯಂತ್ರದ ಕಡೆ ಮೂರು ಸೀಳು. ಡಬ್ಬಿಗೂ, ಮಾನಿಟರಿಗೂ, ದೊಡ್ಡ ಪ್ರಿಂಟರಿಗೂ ಸಾಮಾನ್ಯವಾಗಿ ಇದೊಂದೇ ಮಾದರಿ ನಡೆಯುತ್ತದೆ. ಹೀಗಾಗಿ ಒಂದು ಕೆಟ್ಟಿದೆಯೇ ಎಂದು ಪರೀಕ್ಷಿಸಲು ಇನ್ನೊಂದನ್ನು ತಂದು ಹಾಕಿ ನೋಡಬಹುದು. ಮೂರು ಪಿನ್ನುಗಳಲ್ಲಿ ಮೇಲಿನದು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಅದು ಭೂಸಂಪರ್ಕದ ಪಿನ್ನು, ಅಂದರೆ ಎಲ್ಲರೂ ಅನ್ನುವ ಅರ್ತಿಂಗ್. ಉದ್ದ ಯಾಕೆ? ಪ್ಲಗ್ಗು ಒಳಗೆ ಹೋಗುವಾಗ ಮೊದಲು ನೆಲದ ಸಂಪರ್ಕ ಆಗಬೇಕು, ಹೊರಗೆ ಬರುವಾಗ ಕೊನೆಗೆ ಅದು ಬಿಡಬೇಕು ಎಂದು. ಯಂತ್ರದೊಳಗೆ ಎಲ್ಲಾದರೂ ಹೊದಿಕೆ ಹರಿದು ವಿದ್ಯುತ್ತು ಲೋಹದ ಡಬ್ಬಿಗೆ ತಾಗಿದರೆ, ಅದು ಈ ದಾರಿಯಿಂದ ನೆಲಕ್ಕೆ ಇಳಿದು ಫ್ಯೂಸು ಹಾರುತ್ತದೆ. ಆ ದಾರಿ ಇಲ್ಲದಿದ್ದರೆ ಡಬ್ಬಿ ಮುಟ್ಟಿದ ಮನುಷ್ಯನ ಮೈಯೇ ದಾರಿ.

ನಮ್ಮ ಎಷ್ಟೋ ಹಾಸ್ಟೆಲು ಕೋಣೆಗಳಲ್ಲಿ ಸಾಕೆಟ್ಟಿಗೆ ಎರಡೇ ರಂಧ್ರ ಇವೆಯೆಂದು ಮೂರನೆಯ ಪಿನ್ನನ್ನು ಮುರಿದು ಹಾಕುತ್ತಾರೆ, ಇಲ್ಲವೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುತ್ತಾರೆ. ಡಬ್ಬಿ ಮುಟ್ಟಿದಾಗ ಬೆರಳು ಜುಮ್ಮೆಂದರೆ "ಏನಾಗಲ್ಲ ಬಿಡೋ" ಎಂದು ನಗುತ್ತಾರೆ. ೨೩೦ ವೋಲ್ಟಿನ ಜೊತೆ ಈ ನಗು ಒಳ್ಳೆಯದಲ್ಲ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಈ ಒಂದು ಪಿನ್ನನ್ನು ನೆನಪಿಡಿ. ಉಳಿದ ತಂತಿಗಳಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ, ಇದರಲ್ಲಿ ತಪ್ಪಿದರೆ ಜೀವ.

ಎರಡನೆಯದು ಚಿತ್ರದ ತಂತಿ. ಗಣಕಯಂತ್ರದಿಂದ ಮಾನಿಟರಿಗೆ, ಇಲ್ಲವೆ ತರಗತಿಯ ಪ್ರೊಜೆಕ್ಟರಿಗೆ ಹೋಗುವಂಥದು. ಇದರಲ್ಲಿ ಮುಖ್ಯವಾಗಿ ಮೂರು ಜಾತಿ ಕಾಣಸಿಗುತ್ತವೆ.

ಹಳೆಯದು ವಿ.ಜಿ.ಎ. ಐ.ಬಿ.ಎಂ. ಕಂಪನಿ ೧೯೮೭ರಲ್ಲಿ ತಂದದ್ದು. ಹೆಚ್ಚಾಗಿ ನೀಲಿ ಬಣ್ಣದ ತುದಿ, ಒಂದು ಬದಿ ಅಗಲ, ಇನ್ನೊಂದು ಬದಿ ತುಸು ಕಿರಿದು, ಮನೆಯ ಮೊರದ ಹಾಗೆ. ಒಳಗೆ ಮೂರು ಸಾಲಿನಲ್ಲಿ ೧೫ ಸೂಜಿಗಳ ಜಾಗ, ಎರಡೂ ಪಕ್ಕದಲ್ಲಿ ತಿರುಗಿಸುವ ಸ್ಕ್ರೂ. ಕೆಂಪು, ಹಸಿರು, ನೀಲಿ ಈ ಮೂರು ಬಣ್ಣಗಳಿಗೆ ಒಂದೊಂದು ತಂತಿ. ಬಣ್ಣ ಎಷ್ಟು ಗಾಢ ಇರಬೇಕೋ ಅಷ್ಟಕ್ಕೆ ತಕ್ಕಂತೆ ವೋಲ್ಟೇಜು ಏರುತ್ತ ಇಳಿಯುತ್ತ ಹೋಗುತ್ತದೆ. ಇದನ್ನೇ ಅನಲಾಗ್ ಅನ್ನುವುದು. ದಾರಿಯಲ್ಲಿ ಸ್ವಲ್ಪ ಕಲಬೆರಕೆ ಆದರೂ ಅದು ಚಿತ್ರದಲ್ಲಿ ನೆರಳಾಗಿ, ಮಸುಕಾಗಿ ಕಾಣುತ್ತದೆ. ಒಂದು ಸೂಜಿ ಬಾಗಿದರೆ ಪ್ರೊಜೆಕ್ಟರಿನಲ್ಲಿ ಎಲ್ಲರ ಮುಖವೂ ಹಳದಿಯಾಗಬಹುದು, ಏಕೆಂದರೆ ನೀಲಿಯ ತಂತಿ ತುಂಡಾಗಿ ಕೆಂಪು ಹಸಿರು ಎರಡೇ ಉಳಿದವು. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಎರಡನೆಯದು ಎಚ್.ಡಿ.ಎಂ.ಐ. ೨೦೦೨ರಲ್ಲಿ ಇದರ ನಿಯಮಾವಳಿ ಹೊರಬಂತು. ಚಪ್ಪಟೆ ತುದಿ, ಕೆಳಗಿನ ಎರಡು ಮೂಲೆ ಒಳಕ್ಕೆ ಬಾಗಿದ ದೋಣಿಯ ಆಕಾರ, ೧೯ ಸಂಪರ್ಕಗಳು. ಚಿತ್ರದ ಜೊತೆ ಧ್ವನಿಯೂ ಇದರಲ್ಲೇ ಹೋಗುತ್ತದೆ, ವಿ.ಜಿ.ಎ.ಯಲ್ಲಿ ಹೋಗುವುದಿಲ್ಲ. ಮೂರನೆಯದು ಡಿಸ್‌ಪ್ಲೇಪೋರ್ಟ್, ೨೦೦೬ರದು, ೨೦ ಸಂಪರ್ಕ. ಇದರ ಗುರುತು ಸುಲಭ: ಒಂದೇ ಒಂದು ಮೂಲೆ ಕತ್ತರಿಸಿದಂತಿರುತ್ತದೆ. ಹಿಂದೆ ಸಾವಿನ ಸುದ್ದಿಯ ಕಾರ್ಡಿಗೆ ಒಂದು ಮೂಲೆ ಹರಿದು ಕಳಿಸುತ್ತಿದ್ದರೆಂದು ಅಜ್ಜಿಯರು ಹೇಳುತ್ತಾರಲ್ಲ, ಹಾಗೆ.

ಈ ಎರಡೂ ಡಿಜಿಟಲ್. ಅಂದರೆ ಏರಿಳಿತದ ಬದಲು ಸೊನ್ನೆ ಮತ್ತು ಒಂದು ಮಾತ್ರ. ಇಲ್ಲಿಯೇ ನಮ್ಮ ಜೇಬಿಗೆ ಸಂಬಂಧಿಸಿದ ಸಂಗತಿ ಇದೆ. ಅಂಗಡಿಗಳಲ್ಲಿ ಬಂಗಾರದ ಲೇಪ ಇದೆ, ಚಿತ್ರ ಇನ್ನೂ ಚೆಂದ ಬರುತ್ತದೆ ಎಂದು ಹೇಳಿ ನಾಲ್ಕುಪಟ್ಟು ಬೆಲೆಯ ಎಚ್.ಡಿ.ಎಂ.ಐ. ತಂತಿ ತೋರಿಸುತ್ತಾರೆ. ಬಂಗಾರ ತುಕ್ಕು ಹಿಡಿಯುವುದಿಲ್ಲ, ಅಷ್ಟು ನಿಜ. ಆದರೆ ಆ ಕಡೆ ಮುಟ್ಟಿದ್ದು ಸೊನ್ನೆಯೋ ಒಂದೋ ಎಂದು ಸರಿಯಾಗಿ ಗುರುತಿಸಲು ಸಾಧ್ಯವಾದರೆ ಸಾಕು, ಚಿತ್ರ ಕಳಿಸಿದ್ದು ಕಳಿಸಿದ ಹಾಗೇ ಬರುತ್ತದೆ. ತಂತಿಗೆ ತಾಕತ್ತು ಸಾಲದಿದ್ದರೆ ಚಿತ್ರದಲ್ಲಿ ಚುಕ್ಕೆ ಬೀಳುತ್ತವೆ, ಇಲ್ಲವೆ ಚಿತ್ರವೇ ಮಾಯ. ಒಂದೂವರೆ ಮೀಟರಿನ ಸಾಧಾರಣ ತಂತಿ ಸರಿಯಾಗಿ ನಡೆಯುತ್ತಿದ್ದರೆ, ನಾಲ್ಕುಪಟ್ಟು ಬೆಲೆಯದು ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಚೆಂದ ತೋರಿಸಲಾರದು. ನೋಡಬೇಕಾದದ್ದು ಲೇಪವನ್ನಲ್ಲ, ಎಷ್ಟು ವೇಗಕ್ಕೆ ಮಾಡಿದ್ದು ಎಂಬುದನ್ನು. ೨೦೧೩ರ ೨.೦ ನಿಯಮಕ್ಕೆ ಸೆಕೆಂಡಿಗೆ ೧೮ ಗಿಗಾಬಿಟ್, ೨೦೧೭ರ ೨.೧ ನಿಯಮಕ್ಕೆ ೪೮ ಗಿಗಾಬಿಟ್.

ಇನ್ನೊಂದು ಎಚ್ಚರಿಕೆ. ವಿ.ಜಿ.ಎ. ಅನಲಾಗ್, ಎಚ್.ಡಿ.ಎಂ.ಐ. ಡಿಜಿಟಲ್ ಆದ್ದರಿಂದ ಒಂದು ತುದಿಯಲ್ಲಿ ಇದು, ಇನ್ನೊಂದು ತುದಿಯಲ್ಲಿ ಅದು ಇರುವ ಬರಿಯ ತಂತಿಯಿಂದ ಪ್ರಯೋಜನವಿಲ್ಲ. ನಡುವೆ ಭಾಷಾಂತರ ಮಾಡುವ ಸಣ್ಣ ಯಂತ್ರ ಬೇಕು, ಅದಕ್ಕೆ ಕನ್ವರ್ಟರ್ ಅನ್ನುತ್ತಾರೆ. ಕನ್ನಡ ಬಾರದವನಿಗೂ ತೆಲುಗು ಬಾರದವನಿಗೂ ನಡುವೆ ಹಗ್ಗ ಕಟ್ಟಿದರೆ ಮಾತು ನಡೆದೀತೆ? ದುಭಾಷಿ ಬೇಕು.

ಮೂರನೆಯದು ಮಾಹಿತಿಯ ತಂತಿಗಳು. ಇಲ್ಲಿ ಸ್ವಲ್ಪ ಇತಿಹಾಸ ಹೇಳಿದರೇ ಚೆನ್ನ.

ಹಳೆಯ ಪ್ರಿಂಟರುಗಳಿಗೆ ಅಂಗೈ ಅಗಲದ ತುದಿಯ ದಪ್ಪ ತಂತಿ ಇರುತ್ತಿತ್ತು. ಸೆಂಟ್ರಾನಿಕ್ಸ್ ಎಂಬ ಅಮೇರಿಕದ ಕಂಪನಿ ೧೯೭೦ರಲ್ಲಿ ಆರಂಭಿಸಿದ ಪದ್ಧತಿ ಇದು. ಪ್ರಿಂಟರಿನ ಕಡೆ ೩೬ ಸಂಪರ್ಕ. ಇದರಲ್ಲಿ ಮಾಹಿತಿಗೆಂದೇ ಎಂಟು ತಂತಿ, ಒಂದು ಅಕ್ಷರದ ಎಂಟು ಬಿಟ್ಟುಗಳು ಒಟ್ಟಿಗೆ ಹೊರಟು ಒಟ್ಟಿಗೆ ಮುಟ್ಟುತ್ತವೆ. ಇದಕ್ಕೆ ಸಮಾಂತರ ಪದ್ಧತಿ ಎಂದು ಹೆಸರು. ಇದರ ಜೊತೆಗೇ ಸಾಲುಪದ್ಧತಿಯ ಆರ್.ಎಸ್.-೨೩೨ ಎಂಬ ಇನ್ನೊಂದು ತಂತಿಯೂ ಇತ್ತು, ೧೯೬೦ರ ದಶಕದಿಂದ ಬಂದದ್ದು. ಅದರಲ್ಲಿ ಬಿಟ್ಟುಗಳು ಇರುವೆಗಳ ಹಾಗೆ ಒಂದರ ಹಿಂದೆ ಒಂದು ಹೋಗುತ್ತವೆ. ಒಂಬತ್ತು ಸೂಜಿಯ ಇದರ ತುದಿಯನ್ನು ಇಂದಿಗೂ ಎಷ್ಟೋ ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಯ ಹಿಂಬದಿಯಲ್ಲಿ ಕಾಣಬಹುದು.

ಎಂಟು ತಂತಿಯದು ಒಂದು ತಂತಿಯದಕ್ಕಿಂತ ವೇಗ ಎಂದು ಯಾರಾದರೂ ಹೇಳಿಯಾರು. ಹಾಗಾದರೆ ಈಗಿನ ವೇಗದ ತಂತಿಗಳೆಲ್ಲ ಸಾಲುಪದ್ಧತಿಯವೇ ಯಾಕೆ? ಇದಕ್ಕೆ ಉಸ್ಮಾನ್ ಗಂಜಿನ ಹಮಾಲರನ್ನು ನೆನೆಸಿಕೊಳ್ಳಿ. ಎಂಟು ಜನ ಹಮಾಲರು ಒಂದೊಂದು ಚೀಲ ಹೊತ್ತು ಒಟ್ಟಿಗೆ ಹೊರಟರು. ನಿಧಾನ ನಡೆದರೆ ಎಂಟೂ ಜನ ಒಂದೇ ಸಾಲಿನಲ್ಲಿ ಮುಟ್ಟುತ್ತಾರೆ. ಓಡಿ ಎಂದರೆ ಒಬ್ಬ ಮುಂದೆ, ಒಬ್ಬ ಹಿಂದೆ. ಎರಡನೆಯ ಸರದಿಯ ಮೊದಲಿಗ ಬಂದು ಮುಟ್ಟಿದಾಗ ಮೊದಲ ಸರದಿಯ ಕೊನೆಯವ ಇನ್ನೂ ದಾರಿಯಲ್ಲಿರುತ್ತಾನೆ. ಯಾವ ಚೀಲ ಯಾವ ಲೆಕ್ಕದ್ದು ಎಂದು ಗುಮಾಸ್ತನಿಗೆ ತಿಳಿಯದು. ತಂತಿಗಳಲ್ಲೂ ಹೀಗೆಯೇ. ವೇಗ ಹೆಚ್ಚಿದಂತೆ ಎಂಟು ಬಿಟ್ಟುಗಳ ಹೆಜ್ಜೆ ತಪ್ಪುತ್ತದೆ, ಪಕ್ಕಪಕ್ಕದ ತಂತಿಗಳು ಒಂದರ ಮಾತಿಗೆ ಒಂದು ಅಡ್ಡ ಬರುತ್ತವೆ. ಒಬ್ಬನೇ ಚುರುಕಿನ ಓಟಗಾರನಾದರೆ ಹೆಜ್ಜೆ ಹೊಂದಿಸುವ ತಾಪತ್ರಯವೇ ಇಲ್ಲ. ಗಣಕಯಂತ್ರದ ಡಬ್ಬಿಯ ಒಳಗೂ ಇದೇ ಕಥೆ. ಹಾರ್ಡ್ ಡಿಸ್ಕಿಗೆ ಹಿಂದೆ ೪೦ ಸಂಪರ್ಕದ ಅಗಲವಾದ ರಿಬ್ಬನ್ನು ಇರುತ್ತಿತ್ತು. ೨೦೦೩ರಲ್ಲಿ ಬಂದ ಸಾಟಾ ಪದ್ಧತಿಯಲ್ಲಿ ಏಳೇ ಸಂಪರ್ಕ, ಆದರೂ ವೇಗ ಹೆಚ್ಚು.

ಈ ಸಾಲುಪದ್ಧತಿಯ ಕುಲದಲ್ಲಿ ಹುಟ್ಟಿ ಲೋಕವನ್ನೇ ಗೆದ್ದದ್ದು ಯು.ಎಸ್.ಬಿ. ೧೯೯೬ಕ್ಕೆ ಮೊದಲು ಕೀಲಿಮಣೆಗೆ ಒಂದು ತಂತಿ, ಪ್ರಿಂಟರಿಗೆ ಒಂದು, ಮೋಡೆಮಿಗೆ ಒಂದು. ಒಂದರದು ಇನ್ನೊಂದಕ್ಕೆ ಆಗದು. ಎಲ್ಲಕ್ಕೂ ಒಂದೇ ಬಗೆಯ ತಂತಿ ಸಾಕೆಂದು ಇಂಟೆಲ್ ಮೊದಲಾದ ಕಂಪನಿಗಳು ಕೂಡಿ ಮಾಡಿದ ಪದ್ಧತಿ ಇದು. ಇಂಟೆಲ್‌ನಲ್ಲಿ ಈ ಕೆಲಸದ ಮುಂದಾಳಾಗಿದ್ದವರು ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಸಾಮಾನ್ಯ ಯು.ಎಸ್.ಬಿ. ತಂತಿಯನ್ನು ಸೀಳಿ ನೋಡಿದರೆ ಒಳಗೆ ನಾಲ್ಕು ಎಳೆ. ಎರಡು ೫ ವೋಲ್ಟಿನ ವಿದ್ಯುತ್ತಿಗೆ, ಎರಡು ಮಾಹಿತಿಗೆ. ಚಪ್ಪಟೆ ತುದಿಯೊಳಗೆ ಇಣುಕಿದರೆ ಅಂಚಿನ ಎರಡು ಪಟ್ಟಿಗಳು ನಡುವಿನವಕ್ಕಿಂತ ತುಸು ಉದ್ದ ಇರುವುದು ಕಾಣುತ್ತದೆ. ಮೊದಲು ವಿದ್ಯುತ್ತು ಮುಟ್ಟಿ ಆಮೇಲೆ ಮಾಹಿತಿ ಮುಟ್ಟಲಿ ಎಂದು. ಗೋಡೆಯ ಪ್ಲಗ್ಗಿನ ಉದ್ದ ಪಿನ್ನಿನ ಯುಕ್ತಿಯೇ ಇಲ್ಲೂ ಇದೆ ನೋಡಿ.

ತುದಿಗಳ ಹೆಸರು ಎ, ಬಿ, ಸಿ. ಗಣಕಯಂತ್ರದ ಕಡೆಯ ಚಪ್ಪಟೆ ಆಯತ ಟೈಪ್-ಎ. ಪ್ರಿಂಟರಿನ ಕಡೆಯ ಚೌಕ, ಮೇಲಿನ ಎರಡು ಮೂಲೆ ಇಳಿಜಾರಾಗಿ ಮನೆಯ ಮಾಡಿನಂತಿರುವುದು ಟೈಪ್-ಬಿ. ೨೦೧೪ರಲ್ಲಿ ಬಂದ, ಉದ್ದನೆಯ ಮಾತ್ರೆಯ ಆಕಾರದ, ಹೇಗೆ ತಿರುಗಿಸಿ ಹಾಕಿದರೂ ಕೂರುವುದು ಟೈಪ್-ಸಿ. ಅದರಲ್ಲಿ ೨೪ ಸಂಪರ್ಕಗಳು.

ಇವು ಆಕಾರದ ಹೆಸರುಗಳು. ವೇಗದ ಹೆಸರುಗಳು ಬೇರೆಯೇ ಇವೆ. ೨೦೦೦ದ ಯು.ಎಸ್.ಬಿ. ೨.೦ಕ್ಕೆ ಸೆಕೆಂಡಿಗೆ ೪೮೦ ಮೆಗಾಬಿಟ್, ೨೦೦೮ರ ೩.೦ಕ್ಕೆ ೫ ಗಿಗಾಬಿಟ್, ೨೦೧೯ರ ಯು.ಎಸ್.ಬಿ. ೪ಕ್ಕೆ ೪೦ ಗಿಗಾಬಿಟ್‌ವರೆಗೆ. ಟೈಪ್-ಎ ತುದಿಯ ಒಳಗಿನ ಪ್ಲಾಸ್ಟಿಕ್ಕು ನೀಲಿ ಇದ್ದರೆ ಸಾಮಾನ್ಯವಾಗಿ ಅದು ೩.೦. ಇಲ್ಲಿ ಬಿಟ್ಟು ಬೈಟಿನ ಗೊಂದಲ ಮಾಡಿಕೊಳ್ಳಬಾರದು. ಎಂಟು ಬಿಟ್ಟು ಸೇರಿದರೆ ಒಂದು ಬೈಟು. ೪೮೦ ಮೆಗಾಬಿಟ್ ಎಂದರೆ ೬೦ ಮೆಗಾಬೈಟು ಮಾತ್ರ. ೪ ಗಿಗಾಬೈಟಿನ ಸಿನಿಮಾ ಒಂದನ್ನು ೨.೦ ತಂತಿಯಲ್ಲಿ ಸಾಗಿಸಲು ಲೆಕ್ಕದ ಪ್ರಕಾರವೇ ಒಂದು ನಿಮಿಷದ ಮೇಲೆ ಏಳು ಸೆಕೆಂಡು ಬೇಕು, ನಡವಳಿಕೆಯಲ್ಲಿ ಇನ್ನೂ ಹೆಚ್ಚು. ೩.೦ದಲ್ಲಿ ಲೆಕ್ಕಕ್ಕೆ ಸುಮಾರು ಆರೂವರೆ ಸೆಕೆಂಡು.

ಈಗ ಮೊದಲು ಹೇಳಿದ ಗೋಣಿಚೀಲದ ಮಾತು ನೆನಪಿಸಿಕೊಳ್ಳಿ. ಟೈಪ್-ಸಿ ತುದಿ ಕಂಡ ಕೂಡಲೆ ಇದು ಹೊಸದು, ಆದ್ದರಿಂದ ವೇಗದ್ದು ಎಂದು ಎಲ್ಲರೂ ನಂಬುತ್ತಾರೆ. ಆದರೆ ಮೊಬೈಲಿನ ಜೊತೆ ಬರುವ ಎಷ್ಟೋ ಟೈಪ್-ಸಿ ತಂತಿಗಳ ಒಳಗೆ ಇರುವುದು ಹಳೆಯ ೨.೦ದ ಎಳೆಗಳೇ. ಕೆಲವು ಅಗ್ಗದ ತಂತಿಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ, ಬರಿಯ ಚಾರ್ಜಿಗೆ ಮಾತ್ರ. ಮೊಬೈಲು ಚಾರ್ಜ್ ಆಗುತ್ತದೆ, ಗಣಕಯಂತ್ರಕ್ಕೆ ಮಾತ್ರ ಮೊಬೈಲು ಕಾಣಿಸುವುದೇ ಇಲ್ಲ. ಮೊಬೈಲು ಕೆಟ್ಟಿತೆಂದು ರಿಪೇರಿಗೆ ಓಡುವವರಿದ್ದಾರೆ. ಬಸ್ ನಿಲ್ದಾಣದಂಥ ಜಾಗದಲ್ಲಿ ಯಾರದೋ ಪೋರ್ಟಿನಿಂದ ಚಾರ್ಜ್ ಮಾಡಿಕೊಳ್ಳುವಾಗ ಇದೇ ಬಡ ತಂತಿ ಒಳ್ಳೆಯದು, ಯಾಕಂದ್ರೆ ಮಾಹಿತಿಯ ದಾರಿಯೇ ಇಲ್ಲದ ಮೇಲೆ ಕದಿಯುವುದು ಹೇಗೆ?

ಲ್ಯಾಪ್‌ಟಾಪ್ ಚಾರ್ಜ್ ಮಾಡುವವರು ಇನ್ನೊಂದನ್ನು ನೋಡಬೇಕು. ಸಾಧಾರಣ ಟೈಪ್-ಸಿ ತಂತಿ ೩ ಆಂಪಿಯರ್, ಅಂದರೆ ೬೦ ವಾಟ್ ತನಕ ಹೊರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ೫ ಆಂಪಿಯರಿನ ತಂತಿ, ಅದರ ತುದಿಯಲ್ಲಿ "ನಾನು ಇಷ್ಟು ಹೊರಬಲ್ಲೆ" ಎಂದು ತಿಳಿಸುವ ಒಂದು ಸಣ್ಣ ಚಿಪ್ಪೂ ಇರಬೇಕು. ೨೦೨೧ರ ನಿಯಮದಂತೆ ಇಂಥ ತಂತಿ ೨೪೦ ವಾಟ್‌ವರೆಗೂ ಹೊರಬಹುದು. ಯುರೋಪಿನಲ್ಲಿ ೨೦೨೪ರ ಡಿಸೆಂಬರ್ ೨೮ರಿಂದ ಹೊಸ ಮೊಬೈಲುಗಳಿಗೆಲ್ಲ ಟೈಪ್-ಸಿ ಕಡ್ಡಾಯವಾಗಿದೆ. ತುದಿ ಒಂದೇ ಆಯಿತು, ಬಹಳ ಒಳ್ಳೆಯದು. ಆದರೆ ಒಳಗಿನ ಸರಕನ್ನು ಗುರುತಿಸುವ ಜವಾಬ್ದಾರಿ ಕೊಳ್ಳುವವನ ತಲೆಯ ಮೇಲೆ ಇನ್ನೂ ಹೆಚ್ಚಾಯಿತು.

ಇದೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರಿಗೆ ಒಂದು ಉದಾಹರಣೆ. ಕಾಲೇಜು ಬಿಟ್ಟ ಮೇಲೆ ಸಂಜೆ ನಾನು ಒಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಂಗಡಿಯ ಕಾಕಾ ಬೀದರ ಜಿಲ್ಲೆಯವರು. ಹಬ್ಬದ ಮುಂಚಿನ ವಾರ ಬಿಲ್ಲಿನ ಪ್ರಿಂಟರು ಮಾತು ಕೇಳದಾಯಿತು. ಒಮ್ಮೆ ಅರ್ಧ ಬಿಲ್ಲು, ಒಮ್ಮೆ ಬರಿಯ ಗೀಟು, ಆಮೇಲೆ ಪೂರ್ತಿ ಸುಮ್ಮನೆ. ನೋಡಲು ಬಂದ ರಿಪೇರಿಯವನೊಬ್ಬ ಒಳಗಿನ ಬೋರ್ಡೇ ಹೋಗಿದೆ, ಹೊಸದು ತನ್ನಿ, ಒಂಬತ್ತು ಸಾವಿರ ಆಗುತ್ತದೆ ಎಂದು ಹೇಳಿ ಹೋದ. "ತಮ್ಮಾ, ಮಿಷಿನ್ ಖರಾಬ್ ಆಗ್ಯಾದಂತ. ಈಗ ಮಾಲು ತುಂಬೂದು ಬಿಟ್ಟು ಅದಕ್ಕ ರೊಕ್ಕಾ ಎಲ್ಲಿಂದ ತರ್ಲಿ?" ಎಂದು ಕಾಕಾ ತಲೆ ಮೇಲೆ ಕೈಹೊತ್ತು ಕೂತರು. ಹಬ್ಬದ ಮಾಲಿಗೆಂದು ಕೂಡಿಟ್ಟ ದುಡ್ಡು ಅದು.

ಪ್ರಿಂಟರಿನ ಸ್ವಯಂಪರೀಕ್ಷೆಯ ಗುಂಡಿ ಒತ್ತಿದೆ, ಪುಟ ಸ್ವಚ್ಛವಾಗಿ ಅಚ್ಚಾಯಿತು. ಅಂದರೆ ಅಚ್ಚು ಹಾಕುವ ಭಾಗದಲ್ಲಿ ದೋಷವಿಲ್ಲ, ಗಣಕಯಂತ್ರದ ಮಾತು ಅದಕ್ಕೆ ಮುಟ್ಟುತ್ತಿಲ್ಲ. ಪಕ್ಕದಲ್ಲೇ ಸ್ಕ್ಯಾನರಿಗೆ ಹಾಕಿದ್ದ ಟೈಪ್-ಬಿ ತಂತಿಯನ್ನು ತೆಗೆದು ಪ್ರಿಂಟರಿಗೆ ಹಾಕಿದೆ. ಬಿಲ್ಲು ಬಂತು. ಹಳೆಯ ತಂತಿ ಗಲ್ಲಾಪೆಟ್ಟಿಗೆಯ ಬಾಗಿಲ ಸಂದಿನಲ್ಲಿ ದಿನಾ ಸಿಕ್ಕಿ ಒಳಗಿನ ಎಳೆ ಮುರಿದಿತ್ತು. ಹೊಸ ತಂತಿಗೆ ೧೮೦ ರೂಪಾಯಿ. ಉಳಿದದ್ದು ೮,೮೨೦ ರೂಪಾಯಿ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಯಂತ್ರ ಬದಲಾಯಿಸುವ ಮೊದಲು ತಂತಿ ಬದಲಾಯಿಸಿ ನೋಡು ಎಂಬ ಸಾದಾ ನಿಯಮ ಅಷ್ಟೆ.

ಕೊನೆಯದು ಜಾಲದ ತಂತಿ. ಒಂದು ಗಣಕಯಂತ್ರವನ್ನು ಇನ್ನೊಂದಕ್ಕೆ, ಮನೆಯನ್ನು ಇಂಟರ್‌ನೆಟ್ಟಿಗೆ ಜೋಡಿಸುವಂಥದು. ಪಾರದರ್ಶಕ ಪ್ಲಾಸ್ಟಿಕ್ಕಿನ ತುದಿ, ಒಂದು ಬದಿಗೆ ಒತ್ತಿದರೆ ಬಾಗುವ ಸಣ್ಣ ನಾಲಗೆ. ಅಮೇರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ೧೯೭೩ರಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಕಲ್ಪಿಸಿದ ಈಥರ್ನೆಟ್ ಇದರ ಮೂಲ. ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಜಡೆಯಂತೆ ಹೊಸೆದಿರುತ್ತಾರೆ. ಇದು ಚೆಂದಕ್ಕಲ್ಲ. ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ ಅವರೇ ೧೮೮೧ರಲ್ಲಿ ಈ ಹೊಸೆಯುವ ಉಪಾಯಕ್ಕೆ ಹಕ್ಕುಪತ್ರ ಪಡೆದರು.

ಹೊಸೆದರೆ ಏನು ಲಾಭ? ಇದನ್ನು ನಮ್ಮ ಜಮಾಖರ್ಚಿನ ಭಾಷೆಯಲ್ಲೇ ಹೇಳಬಹುದು. ಜೋಡಿಯ ಎರಡು ಎಳೆಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಸಂಕೇತ ಕಳಿಸುತ್ತಾರೆ. ಆ ಕಡೆಯ ಯಂತ್ರ ಎರಡರ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ದಾರಿಯಲ್ಲಿ ಫ್ಯಾನಿನದೋ ಟ್ಯೂಬ್‌ಲೈಟಿನದೋ ಕಿರಿಕಿರಿ ಸೇರಿಕೊಂಡಿತು ಎನ್ನಿ. ಹೊಸೆದದ್ದರಿಂದ ಅದು ಎರಡೂ ಎಳೆಗಳಿಗೆ ಸರಿಸಮ ಸೇರುತ್ತದೆ. ಖಾತೆಯ ಎಡಕ್ಕೂ ಬಲಕ್ಕೂ ಒಂದೇ ಮೊತ್ತ ಕೂಡಿದರೆ ಬಾಕಿ ಬದಲಾಗುತ್ತದೆಯೆ? ಇಲ್ಲ. ಹಾಗೆಯೇ ವ್ಯತ್ಯಾಸವೂ ಬದಲಾಗುವುದಿಲ್ಲ, ಕಿರಿಕಿರಿ ತಾನೇ ವಜಾ ಆಗುತ್ತದೆ. ಯು.ಎಸ್.ಬಿ.ಯ ಮಾಹಿತಿ ಎಳೆಗಳಲ್ಲೂ ಇದೇ ಯುಕ್ತಿ.

ಜಾಲದ ತಂತಿಯ ಹೊದಿಕೆಯ ಮೇಲೆ ಅದರ ದರ್ಜೆ ಅಚ್ಚಾಗಿರುತ್ತದೆ. ಕ್ಯಾಟ್-೫ಇ ಎಂದಿದ್ದರೆ ೧೦೦ ಮೀಟರ್ ದೂರಕ್ಕೆ ಸೆಕೆಂಡಿಗೆ ೧ ಗಿಗಾಬಿಟ್. ಕ್ಯಾಟ್-೬ ಎಂದಿದ್ದರೆ ಸುಮಾರು ೫೫ ಮೀಟರ್ ತನಕ ೧೦ ಗಿಗಾಬಿಟ್. ತುದಿಗೆ ಎಂಟು ಎಳೆ ಕೂಡಿಸುವಾಗ ಇಲ್ಲಿ ಹೆಚ್ಚಾಗಿ ಬಳಸುವ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ಮೂರು ಸಲ ಗಟ್ಟಿಯಾಗಿ ಓದಿದರೆ ಮಗ್ಗಿಯಂತೆ ಬಾಯಿಗೆ ಬಂದುಬಿಡುತ್ತದೆ.

ನೂರು ಮೀಟರು ದಾಟಿ ಊರಿಂದ ಊರಿಗೆ ಹೋಗಬೇಕಾದರೆ ತಾಮ್ರ ಸಾಲದು, ಗಾಜಿನ ಎಳೆ ಬೇಕು. ಅದರೊಳಗೆ ವಿದ್ಯುತ್ತಿನ ಬದಲು ಬೆಳಕು ಪ್ರತಿಫಲಿಸುತ್ತ ಓಡುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಅವರು ೧೯೫೪ರಲ್ಲಿ ಹಾಪ್‌ಕಿನ್ಸ್ ಅವರ ಜೊತೆಗೂಡಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಶುದ್ಧ ಗಾಜಿನಲ್ಲಿ ಬೆಳಕಿನ ಮೂಲಕ ದೂರ ದೂರಕ್ಕೆ ಸಂದೇಶ ಕಳಿಸಬಹುದೆಂದು ೧೯೬೬ರಲ್ಲಿ ತೋರಿಸಿದ ಚಾರ್ಲ್ಸ್ ಕಾವ್ ಅವರಿಗೆ ೨೦೦೯ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ಓಣಿಯ ಕಂಬಗಳ ಮೇಲೆ ಸುರುಳಿ ಸುರುಳಿಯಾಗಿ ನೇತಾಡುವ ಕರಿ ತಂತಿಗಳಲ್ಲಿ ಇಂಥವು ಬಹಳ ಇವೆ. ಇದನ್ನು ಚೂಪಾಗಿ ಮಡಿಸಬಾರದು, ಒಳಗಿನ ಗಾಜು ಒಡೆಯುತ್ತದೆ. ತುದಿಗೆ ಕಣ್ಣಿಟ್ಟು ನೋಡಲೂಬಾರದು. ಕಣ್ಣಿಗೆ ಕಾಣದ ಆ ಬೆಳಕು ಕಣ್ಣಿಗೆ ಕೆಡುಕು ಮಾಡಬಲ್ಲದು.

ಇಷ್ಟು ಓದಿದ ಮೇಲೆ ಅಂಗಡಿಗೆ ಹೋಗುವವರಿಗೆ ನಾಲ್ಕು ಮಾತು.

ಒಂದು, ಹೆಸರು ನೆನಪಾಗದಿದ್ದರೆ ಚಿಂತೆಯಿಲ್ಲ, ಯಂತ್ರದ ಬೆನ್ನಿನ ಫೋಟೋ ತೆಗೆದುಕೊಂಡು ಹೋಗಿ, ಇಲ್ಲವೆ ಹಳೆಯ ತಂತಿಯನ್ನೇ ಒಯ್ಯಿರಿ. ಎರಡೂ ತುದಿ ತೋರಿಸಿ, ಒಂದನ್ನಷ್ಟೇ ಅಲ್ಲ.

ಎರಡು, ಏನು ಕೆಲಸಕ್ಕೆ ಎಂದು ಹೇಳಿ. ಚಾರ್ಜಿಗೋ, ಮಾಹಿತಿಗೋ, ಚಿತ್ರಕ್ಕೋ? ಹೊದಿಕೆಯ ಮೇಲೆ ವೇಗವನ್ನೂ ವಾಟನ್ನೂ ಬರೆದಿದೆಯೇ ನೋಡಿ. ಏನೂ ಬರೆಯದ ತಂತಿಗೆ ಹೆಚ್ಚು ದುಡ್ಡು ಕೊಡಬೇಡಿ.

ಮೂರು, ಬೇಕಾದಷ್ಟೇ ಉದ್ದ ಕೊಳ್ಳಿ. ಯು.ಎಸ್.ಬಿ. ೨.೦ಕ್ಕೆ ೫ ಮೀಟರ್ ಮಿತಿ, ಈಥರ್ನೆಟ್ಟಿಗೆ ೧೦೦ ಮೀಟರ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ತಂತಿಗೂ ಸಲ್ಲುತ್ತದೆ.

ನಾಲ್ಕು, ರಸೀದಿ ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ಹಾಕಿ ತೋರಿಸಲು ಹೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಕನ್ನಡದಲ್ಲಿ ಕೇಳಿದರೂ ಸರಿ, ತೆಲುಗು ಬೆರೆಸಿದರೂ ಸರಿ, ಮುರುಕು ದಖ್ಖನಿಯಾದರೂ ಸರಿ.

ಇವತ್ತು ಕಲಿತ ಹೆಸರು ನಾಳೆ ಹಳೆಯದಾದೀತು. ವಿ.ಜಿ.ಎ. ಮೂಲೆಗೆ ಸರಿಯುತ್ತಿದೆ, ಟೈಪ್-ಬಿ ಕೂಡ ಒಂದು ದಿನ ಸರಿದೀತು. ಆದರೆ ತುದಿ ಎಂಥದು, ಒಳಗೆ ಏನು, ಎಷ್ಟು ವೇಗ ಎಷ್ಟು ದೂರ ಎಂಬ ಮೂರು ಪ್ರಶ್ನೆಗಳು ಮುಂದೆ ಬರುವ ತಂತಿಗಳಿಗೂ ಹೊಂದುತ್ತವೆ. ಅವನ್ನು ಕೇಳಲು ಇಂಗ್ಲಿಷೂ ಬೇಕಿಲ್ಲ, ಇಂಜಿನಿಯರಿಂಗ್ ಪದವಿಯೂ ಬೇಕಿಲ್ಲ. ಮುಂದಿನ ಸಲ ಕಾಲೇಜಿನ ಪ್ರಯೋಗಾಲಯದಲ್ಲಿ ಸ್ವಿಚ್ಚು ಆರಿಸಿದ ಮೇಲೆ, ಅಲ್ಲಿಯವರ ಅಪ್ಪಣೆ ಪಡೆದು, ಯಂತ್ರವನ್ನು ಸ್ವಲ್ಪ ತಿರುಗಿಸಿ ಅದರ ಬೆನ್ನು ನೋಡಿರಿ. ಎಷ್ಟು ತುದಿಗಳ ಹೆಸರು ಹೇಳಬಲ್ಲಿರಿ ಎಂದು ಲೆಕ್ಕ ಹಾಕಿರಿ. ಈ ಲೇಖನದಲ್ಲಿ ಬಾರದ ತುದಿ ಕಂಡರೆ ಸಂಘಕ್ಕೆ ಬರೆದು ತಿಳಿಸಿರಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಎತ್ತಿಕೊಳ್ಳೋಣ.